ಆಪರೇಟರ್‌ನಿಂದ ಸೆಟ್ಟರ್ ಆಗಿದ್ದು, ನನ್ನ ಅನುಭವ

ಐಟಿಐ ಮುಗಿಸ್ಕೊಂಡು ಪೀಣ್ಯಕ್ಕೆ ಬಂದು ಸಿಎನ್‌ಸಿ ಲೇತ್ (ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯೋ ಮೆಷಿನ್) ಮೇಲೆ ಆರು ವರ್ಷ ಆಪರೇಟರ್ ಆಗಿದ್ದೆ. ಟಾರ್ಗೆಟ್ ಯಾವತ್ತೂ ತಪ್ಪಿಸಿರ್ಲಿಲ್ಲ, ರಜ ಹಾಕೋದು ಕಮ್ಮಿ, ಓಟಿ ಅಂದ್ರೆ ಯಾವಾಗ್ಲೂ ರೆಡಿ. ಆದ್ರೂ ಸೆಟ್ಟರ್ ಪೋಸ್ಟ್, ಅಂದ್ರೆ ಮೆಷಿನ್‌ಗೆ ಟೂಲ್, ಪ್ರೋಗ್ರಾಂ ಎಲ್ಲಾ ಸೆಟ್ ಮಾಡಿಕೊಡೋ ಕೆಲಸ, ಖಾಲಿ ಆದಾಗ ನನಗಿಂತ ಎರಡು ವರ್ಷ ಆಮೇಲೆ ಸೇರಿದ ಹುಡುಗನಿಗೆ ಕೊಟ್ರು. ಆ ರಾತ್ರಿ ಊಟ ಸೇರ್ಲಿಲ್ಲ.

ಒಂದು ವಾರ ಯಾರ ಹತ್ರಾನೂ ಸರಿಯಾಗಿ ಮಾತಾಡ್ಲಿಲ್ಲ, ಕೆಲಸ ಬಿಟ್ಬಿಡೋಣ ಅಂತಾನೇ ಇದ್ದೆ, ಆಮೇಲೆ ಹೋಗೋದಾದ್ರೂ ಕೇಳ್ಕೊಂಡೇ ಹೋಗೋಣ ಅಂತ ಪ್ರೊಡಕ್ಷನ್ ಮ್ಯಾನೇಜರ್ ಹತ್ರ ಹೋದೆ. "ನೋಡಪ್ಪ, ನಿನ್ ಕೈ ಚೆನ್ನಾಗಿದೆ. ಆದ್ರೆ ಆ ಮೆಷಿನ್‌ನಲ್ಲಿ ಏನ್ ನಡೀತಿದೆ ಅಂತ ನಿನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ನೀನು ಬರದೇ ಇರೋ ದಿನ ಅದು ಅರ್ಧ ಓಡುತ್ತೆ" ಅಂದ್ರು. ನಾನಿಲ್ದೇ ಇದ್ರೆ ನಡಿಯಲ್ಲ ಅನ್ನೋದನ್ನೇ ನಾನು ಅಷ್ಟು ವರ್ಷ ಹೆಮ್ಮೆ ಅನ್ಕೊಂಡಿದ್ದೆ!

ಆಗ ನಾವು ಮಾಡ್ತಿದ್ದ ಜಾಬ್‌ಗೆ 25 ಎಂಎಂ ಬೋರ್ (ಒಳಗಿನ ತೂತು), ಟಾಲರೆನ್ಸ್ (ಸೈಜ್ ಎಷ್ಟು ಹೆಚ್ಚುಕಮ್ಮಿ ಆಗ್ಬಹುದು ಅನ್ನೋ ಮಿತಿ) ಎಚ್7, ಅಂದ್ರೆ 25.000ರಿಂದ 25.021 ಒಳಗೇ ಇರ್ಬೇಕು, ಬರೀ 21 ಮೈಕ್ರಾನ್ ಜಾಗ. ದಿನಾ ನಾಲ್ಕೈದು ಪೀಸ್ ಓವರ್‌ಸೈಜ್ ಆಗೋದು, ಸೈಜ್ ಸರಿ ಇದ್ರೆ ಒಳಗೆ ಹೋಗಲೇಬಾರದ ನೋ-ಗೋ ಗೇಜ್ ಸಲೀಸಾಗಿ ಒಳಗೆ ಹೋಗ್ಬಿಡೋದು, ನಾನು ಸುಮ್ನೆ ಸ್ಕ್ರಾಪ್ ಬಿನ್‌ಗೆ ಹಾಕಿ ಆಫ್‌ಸೆಟ್ (ಟೂಲ್ ಇರೋ ಜಾಗ ಸ್ವಲ್ಪ ಸರಿಪಡಿಸೋ ಅಂಕಿ) ಕೊಟ್ಟು ಮುಂದೆ ಓಡಿಸ್ತಿದ್ದೆ. ಮ್ಯಾನೇಜರ್ ಮಾತು ಕೇಳಿದ್ಮೇಲೆ ಒಂದು 100 ಪೇಜ್ ನೋಟ್‌ಬುಕ್ ತಂದು ಮೆಷಿನ್ ಪಕ್ಕ ದಾರದಲ್ಲಿ ಕಟ್ಟಿದೆ. ಟೈಮ್ ಎಷ್ಟು, ಸೈಜ್ ಎಷ್ಟು ಬಂತು, ಎಷ್ಟು ಆಫ್‌ಸೆಟ್ ಕೊಟ್ಟೆ, ಇನ್ಸರ್ಟ್ (ಟೂಲ್ ತುದಿಯ ಕತ್ತರಿಸೋ ಬಿಲ್ಲೆ) ಯಾವಾಗ ಬದಲಾಯಿಸ್ದೆ, ಎಲ್ಲಾ ಬರೆಯೋಕೆ ಶುರು ಮಾಡ್ದೆ. ಮೂರು ವಾರಕ್ಕೆ ವಿಷ್ಯ ಕಣ್ಣಿಗೆ ಬಿತ್ತು. ಕೆಟ್ಟ ಪೀಸ್ ಎಲ್ಲಾ ಶಿಫ್ಟ್ ಶುರುವಿನ ಅರ್ಧ ಗಂಟೇಲಿ, ಇಲ್ಲಾಂದ್ರೆ ಊಟ ಮುಗಿಸ್ಕೊಂಡು ಬಂದ ತಕ್ಷಣ. ಮೆಷಿನ್ ತಣ್ಣಗಿರುವಾಗ ಸೈಜ್ ನೋಡಿ ಆಫ್‌ಸೆಟ್ ಕೊಡ್ತಿದ್ದೆ, ಅದು ಬಿಸಿ ಆಗ್ತಾ ಆಗ್ತಾ ಸೈಜ್ ಜರುಗೋದು.

ನೋಟ್‌ಬುಕ್ ತಗೊಂಡು ಹೋಗಿ ಕ್ವಾಲಿಟಿಯವರಿಗೆ ತೋರಿಸ್ದೆ, ಇಷ್ಟು ದಿನ ನನ್ನ ಕೈಯಲ್ಲಿ ಎಷ್ಟು ಪೀಸ್ ಕೆಟ್ಟಿದೆ ಅನ್ನೋದೂ ಸೇರಿಸಿ. ಕೈ ನಡುಗ್ತಿತ್ತು ನಿಜ ಹೇಳ್ಬೇಕಂದ್ರೆ. ಆದ್ರೆ ಅವರು ಬೈಯೋದು ಬಿಟ್ಟು ಕುರ್ಚಿ ಎಳೆದು ಕೂರಿಸಿ ಪೂರ್ತಿ ಓದಿದ್ರು. ಬೆಳಿಗ್ಗೆ 20 ನಿಮಿಷ ಜಾಬ್ ಇಲ್ದೇ ಸ್ಪಿಂಡಲ್ (ಜಾಬ್ ತಿರುಗಿಸೋ ಭಾಗ), ಆಕ್ಸಿಸ್ (ಟೂಲ್ ಸರಿಸೋ ಭಾಗ) ಓಡಿಸಿ ಬಿಸಿ ಮಾಡೋ ಪ್ರೋಗ್ರಾಂ ಹಾಕಿದ್ವಿ, ಊಟದ ಟೈಮಲ್ಲೂ ಅದೇ ಓಡ್ತಾ ಇರುತ್ತೆ. ರಿಜೆಕ್ಷನ್ ವಾರಕ್ಕೆ ಒಂದೋ ಎರಡೋ ಪೀಸ್‌ಗೆ ಇಳೀತು.

ಇನ್ನೊಂದು, ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಇದೇ. ಸೆಟ್ಟರ್ ಆದ ಆ ಹುಡುಗನ ಹತ್ರ ಹೋಗಿ ಪ್ರೋಗ್ರಾಂ ಹೇಳ್ಕೊಡು ಅಂತ ಕೇಳಿದ್ದು. ಎರಡು ದಿನ ಅವನ ಮೆಷಿನ್ ತನಕ ಹೋಗಿ ವಾಪಸ್ ಬಂದಿದ್ದೀನಿ. ಕೇಳ್ದಾಗ "ಅಣ್ಣ, ನೀವು ಕೇಳ್ತೀರಾ ಅಂತ ಅಂದ್ಕೊಂಡೇ ಇರ್ಲಿಲ್ಲ" ಅಂದು ಶಿಫ್ಟ್ ಮುಗಿದ್ಮೇಲೆ ದಿನಾ ಅರ್ಧ ಗಂಟೆ ನಿಂತ್ಕೊಂಡು ಹೇಳ್ಕೊಟ್ಟ. ಬೋರಿಂಗ್‌ಗೆ ಜಿ41 ಯಾಕೆ, ಹೊರಗಡೆ ಟರ್ನಿಂಗ್‌ಗೆ ಜಿ42 ಯಾಕೆ (ಟೂಲ್ ಮೂತಿಯ ದುಂಡನ್ನ ಲೆಕ್ಕಕ್ಕೆ ತಗೊಳ್ಳೋಕೆ ಪ್ರೋಗ್ರಾಂನಲ್ಲಿ ಹಾಕೋ ಕೋಡ್‌ಗಳು ಇವು) ಅಂತ ನನಗೆ ಅರ್ಥ ಆಗಿದ್ದು ಅವನಿಂದ. ನಾನು ನನಗೆ ಗೊತ್ತಿದ್ದನ್ನ ಪಕ್ಕದಲ್ಲಿ ಕೆಲಸ ಕಲೀತಿದ್ದ ಟ್ರೈನಿ ಹುಡುಗನಿಗೆ ಕಲಿಸ್ದೆ, ನಾನು ರಜ ಹಾಕಿದ ದಿನಾನೂ ಮೆಷಿನ್ ಪೂರ್ತಿ ಓಡೋಕೆ ಶುರುವಾಯ್ತು.

ಮುಂದಿನ ಅಪ್ರೈಸಲ್‌ನಲ್ಲಿ ನಾನು ಏನೂ ಕೇಳ್ಬೇಕಾಗ್ಲಿಲ್ಲ, ಮ್ಯಾನೇಜರ್ ಆ ನೋಟ್‌ಬುಕ್ ಟೇಬಲ್ ಮೇಲೆ ಇಟ್ಕೊಂಡೇ ಕೂತಿದ್ರು. ಈಗ ಆರು ಮೆಷಿನ್ ನನ್ನ ಸೆಟ್ಟಿಂಗ್‌ನಲ್ಲಿದೆ. ಹಳೇ ಮೆಷಿನ್ ಆ ಟ್ರೈನಿ ಓಡಿಸ್ತಾನೆ, ಅದೇ ದಾರಕ್ಕೆ ಮೂರನೇ ನೋಟ್‌ಬುಕ್ ಕಟ್ಟಿದ್ದಾನೆ.