ಒಳಪದರ ಉಳಿಸಿಕೊಂಡರೆ ನಾಳ ಉತ್ತರ ಕೊಡುತ್ತದೆ: ನನ್ನ ಅನುಭವ

ವಿಜಯಪುರದಲ್ಲಿ ಫಿಸಿಯಾಲಜಿ ಪಿಎಚ್‌.ಡಿ. ಮಾಡುವಾಗ ನನ್ನ ಕೆಲಸವೆಲ್ಲ ಇಲಿಯ ಮಹಾಧಮನಿಯ ಮೇಲೆ. ಪ್ರಾಣಿ ನೈತಿಕ ಸಮಿತಿಯ ಅನುಮತಿ ಪಡೆದು, ಎದೆಭಾಗದ ಧಮನಿಯನ್ನು 3-4 ಮಿಲಿಮೀಟರಿನ ಉಂಗುರಗಳಾಗಿ ಕತ್ತರಿಸಿ, ಆರ್ಗನ್ ಬಾತ್‌ನಲ್ಲಿ, ಅಂದರೆ ಅಂಗಾಂಶವನ್ನು ಬೆಚ್ಚಗಿನ ದ್ರಾವಣದಲ್ಲಿ ಜೀವಂತ ಇಡುವ ಪಾತ್ರೆಯಲ್ಲಿ, ತೂಗುಹಾಕುತ್ತಿದ್ದೆ. ಅದು ಎಷ್ಟು ಬಿಗಿಯುತ್ತದೆ, ಎಷ್ಟು ಸಡಿಲಾಗುತ್ತದೆ ಅಂತ ಅಳೆಯುವುದು. "ಈಟ್ ಸಣ್ಣ ತುಂಡು ಗ್ರಾಫ್ ಎಳೀತೈತೇನ್ರೀ ಮೇಡಂ?" ಅಂತ ಲ್ಯಾಬಿನ ಕಾಕಾ ಕೇಳಿದ್ದರು. ಎಳೆಯುತ್ತದೆ, ಚೆನ್ನಾಗಿಯೇ ಎಳೆಯುತ್ತದೆ.

ನಾಳದ ಒಳಗೋಡೆಗೆ ಎಂಡೋಥೀಲಿಯಂ ಅನ್ನುವ ಪದರವಿದೆ. ಒಂದೇ ಸಾಲು ಜೀವಕೋಶಗಳು. ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ತಾಗಿದರೆ ಅವುಗಳಲ್ಲಿ ಕ್ಯಾಲ್ಸಿಯಂ ಏರಿ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ತಯಾರಾಗುತ್ತದೆ. ಅದು ಪಕ್ಕದ ಸ್ನಾಯುಕೋಶಕ್ಕೆ ಹೋಗಿ ಸೈಕ್ಲಿಕ್ ಜಿಎಂಪಿ ಅನ್ನುವ ಸಂದೇಶವಾಹಕ ಅಣುವನ್ನು ಹೆಚ್ಚಿಸುತ್ತದೆ. ಅಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ, ನಾಳ ಸಡಿಲಾಗುತ್ತದೆ. ಒಂದು ಕೋಶದಲ್ಲಿ ಏರಿದ್ದೇ ಪಕ್ಕದ ಕೋಶದಲ್ಲಿ ಇಳಿಯುತ್ತದೆ. ಇದು ನನಗೆ ಇವತ್ತಿಗೂ ಬೆರಗು.

1980ರಲ್ಲಿ ಫರ್ಚ್‌ಗಾಟ್ ಮತ್ತು ಝವಾಡ್ಸ್ಕಿ ಎಂಬ ವಿಜ್ಞಾನಿಗಳು ಮೊಲದ ಧಮನಿಯಲ್ಲಿ ಒಳಪದರದ ಪಾತ್ರ ತೋರಿಸಿದರು: ಒಳಪದರ ಉಜ್ಜಿಹೋದರೆ ಅಸಿಟೈಲ್‌ಕೋಲಿನ್ ನಾಳವನ್ನು ಸಡಿಲಿಸುವುದಿಲ್ಲ. ನೈಟ್ರಿಕ್ ಆಕ್ಸೈಡ್ ಕೆಲಸಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ ನೊಬೆಲ್ ಬಂತು.

ಹಾಗಾಗಿ ನನ್ನ ಗಮನವೆಲ್ಲ ಕೈ ಮೇಲೆಯೇ. ಧಮನಿಯ ಸುತ್ತಲಿನ ಕೊಬ್ಬನ್ನು ಬಿಡಿಸುವಾಗ ಚಿಮಟದಿಂದ ಕೊಬ್ಬನ್ನೇ ಹಿಡಿಯುತ್ತಿದ್ದೆ, ನಾಳವನ್ನಲ್ಲ. ಹಿಗ್ಗಿಸುತ್ತಿರಲಿಲ್ಲ. ಕೊಕ್ಕೆಯನ್ನು ಉಂಗುರದೊಳಗೆ ನುಗ್ಗಿಸದೆ, ಬಳೆ ತೊಡಿಸುವ ಹಾಗೆ ನಿಧಾನಕ್ಕೆ ಸರಿಸುತ್ತಿದ್ದೆ.

ಉಂಗುರ ಮುಳುಗಿಸಿಡುವ ಲವಣದ ನೀರು, ಅಂದರೆ ಕ್ರೆಬ್ಸ್ ದ್ರಾವಣದ್ದು ಇನ್ನೊಂದು ಕಥೆ. ಶೇ. 95 ಆಮ್ಲಜನಕ, ಶೇ. 5 ಇಂಗಾಲದ ಡೈಆಕ್ಸೈಡ್ ಇರುವ ಅನಿಲವನ್ನು ಮೊದಲು ಗುಳ್ಳೆ ಬಿಡಿಸಿ, ಕ್ಯಾಲ್ಸಿಯಂ ಕೊನೆಗೆ ಹಾಕಬೇಕು. ಇಲ್ಲದಿದ್ದರೆ ದ್ರಾವಣ ಹಾಲಿನಂತೆ ಬೆಳ್ಳಗಾಗಿಬಿಡುತ್ತದೆ. ಬಾತ್ 37 ಡಿಗ್ರಿಯಲ್ಲಿರಬೇಕು. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ ಹೊರಗೆ 40 ಡಿಗ್ರಿ ಅಲ್ವಾ? ಹೀಟರ್‌ಗೆ ಬಿಸಿ ಮಾಡುವುದು ಮಾತ್ರ ಗೊತ್ತು, ತಣ್ಣಗೆ ಮಾಡುವುದಲ್ಲ. ಅದಕ್ಕೇ ಏಪ್ರಿಲ್-ಮೇನಲ್ಲಿ ನಸುಕಿನಲ್ಲೇ ಶುರು ಮಾಡುತ್ತಿದ್ದೆ.

ಉಂಗುರಕ್ಕೆ ಸುಮಾರು 2 ಗ್ರಾಂ ಎಳೆತ ಕೊಟ್ಟು, ದ್ರಾವಣ ಬದಲಿಸುತ್ತ ಒಂದು-ಒಂದೂವರೆ ಗಂಟೆ ಬಿಡುವುದು. ಆಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಸ್ನಾಯು ಜೀವಂತ ಇದೆಯಾ ಅಂತ ನೋಡುವುದು. ಮುಂದೆ ಫಿನೈಲ್‌ಎಫ್ರಿನ್‌ನಿಂದ ಬಿಗಿಸಿ, ಅದರ ಮೇಲೆ ಅಸಿಟೈಲ್‌ಕೋಲಿನ್.

ಉಂಗುರ ಸಡಿಲಾಗದಿದ್ದರೆ? ಇಲ್ಲೇ ಜಾಸ್ತಿ ಯೋಚಿಸಬೇಕು. ಸಿಗ್ನಲ್ ಹುಟ್ಟಲಿಲ್ಲವೋ, ಹುಟ್ಟಿದ್ದು ಸ್ನಾಯುವಿಗೆ ನಾಟಲಿಲ್ಲವೋ? ಇದನ್ನು ತಿಳಿಯಲು ಸೋಡಿಯಂ ನೈಟ್ರೊಪ್ರುಸೈಡ್ ಹಾಕುತ್ತಿದ್ದೆ. ಬೆಳಕಿಗೆ ಕೆಡುವ ಮದ್ದು, ಸೀಸೆಗೆ ಫಾಯಿಲ್ ಸುತ್ತಿಡಬೇಕು. ಅದು ತಾನೇ ನೈಟ್ರಿಕ್ ಆಕ್ಸೈಡ್ ಕೊಡುತ್ತದೆ, ಒಳಪದರದ ಹಂಗಿಲ್ಲ. ಅದಕ್ಕೆ ಉಂಗುರ ಸಡಿಲಾದರೆ ಸ್ನಾಯು ಸರಿಯಿದೆ, ತೊಂದರೆ ಒಳಪದರದ ಕಡೆ. ಅದಕ್ಕೂ ಸಡಿಲಾಗದಿದ್ದರೆ ಸ್ನಾಯುವಿನಲ್ಲೇ ಹುಡುಕಬೇಕು. ಇನ್ನು ಆರೋಗ್ಯವಂತ ಉಂಗುರಕ್ಕೆ ಎಲ್-ನೇಮ್ ಅನ್ನುವ ಮದ್ದು ಕೊಟ್ಟು ನೈಟ್ರಿಕ್ ಆಕ್ಸೈಡ್ ತಯಾರಿಕೆ ತಡೆದರೆ, ಗ್ರಾಫ್‌ನಲ್ಲಿ ಅಸಿಟೈಲ್‌ಕೋಲಿನ್‌ನ ಗೆರೆ ಇಳಿಯುವುದೇ ಇಲ್ಲ ಅನ್ನುವಷ್ಟು ಮೇಲೆ ನಿಲ್ಲುತ್ತದೆ.

ಆರೋಗ್ಯವಂತ ಇಲಿಯ ಉಂಗುರಗಳಲ್ಲಿ ಅಸಿಟೈಲ್‌ಕೋಲಿನ್, ನೈಟ್ರೊಪ್ರುಸೈಡ್, ಎಲ್-ನೇಮ್ ಈ ಮೂರರ ಗೆರೆಯೂ ಸರಿಬಂದ ದಿನದ ಅಳತೆಗಳನ್ನಷ್ಟೇ ನಾನು ರೋಗದ ಗುಂಪಿನ ಇಲಿಗಳ ಜೊತೆ ಹೋಲಿಸುತ್ತಿದ್ದೆ.