ಪ್ಯಾರಿಸ್, ಪಿಟ್ಸ್‌ಬರ್ಗ್ ಮತ್ತು ನನ್ನ ವಿದೇಶ ಪುಟ

2014ರ ನವೆಂಬರ್ 14. ಮಧ್ಯಾಹ್ನದ ಪಾಳಿಗೆ ಬಂದು ಕುರ್ಚಿ ಎಳೆದುಕೊಳ್ಳುವಷ್ಟರಲ್ಲೇ ಡೆಸ್ಕಿನ ಫೋನು ಹೊಡೆದುಕೊಂಡಿತು. ಸಾಗರದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಪತ್ರಿಕೆಯನ್ನು ಕೊನೆಯ ಪುಟದಡಿಯ ಮುದ್ರಕರ ಹೆಸರಿನವರೆಗೂ ಬಿಡದೆ ಓದುವವರು. ‘ಚೀನಾಕ್ಕೆ 16 ವರ್ಷ ಬಿಡುವು ಎಂದು ಹಾಕಿದ್ದೀರಲ್ಲ ಸ್ವಾಮಿ, ಬಿಡುವು ಕೊಟ್ಟವರು ಯಾರು? ಒಬಾಮ ಅವರೋ, ತಾವೋ?’

ಆ ಶೀರ್ಷಿಕೆ ನನ್ನದೇ. ಆಗ ನಾನು ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯಲ್ಲಿ ವಿದೇಶ ಪುಟ ನೋಡಿಕೊಳ್ಳುತ್ತಿದ್ದ ಉಪಸಂಪಾದಕ. ಸುದ್ದಿ ಸಂಸ್ಥೆಗಳಿಂದ ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡಕ್ಕೆ ತಂದು, ಜಾಗಕ್ಕೆ ತಕ್ಕಂತೆ ಕತ್ತರಿಸಿ, ತಲೆಗೊಂದು ಸಾಲು ಕಟ್ಟಿ ಪುಟಕ್ಕೆ ಇಳಿಸುವುದು ಕೆಲಸ. ಅಧ್ಯಕ್ಷ ಒಬಾಮ ಬೀಜಿಂಗ್‌ನಲ್ಲಿ ಷಿ ಜಿನ್‌ಪಿಂಗ್ ಜೊತೆ ನಿಂತು ಹವಾಮಾನದ ಬಗ್ಗೆ ಜಂಟಿ ಘೋಷಣೆ ಮಾಡಿ ಎರಡು ದಿನ ಕಳೆದಿತ್ತು. ಅಮೆರಿಕ 2025ರ ವೇಳೆಗೆ ತನ್ನ ಹಸಿರುಮನೆ ಅನಿಲಗಳನ್ನು 2005ರ ಮಟ್ಟಕ್ಕಿಂತ ಶೇ 26ರಿಂದ 28ರಷ್ಟು ತಗ್ಗಿಸುತ್ತದೆ. ಚೀನಾದ ಹೊರಸೂಸುವಿಕೆ 2030ರ ಹೊತ್ತಿಗೆ ಗರಿಷ್ಠ ಮುಟ್ಟಿ ನಂತರ ಇಳಿಯುತ್ತದೆ. ಅದರ ಮೇಲೆ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಟೀಕೆ ಮಾಡಿದ್ದರು: ಈ ಒಪ್ಪಂದದ ಪ್ರಕಾರ ಚೀನಾ 16 ವರ್ಷ ಏನೂ ಮಾಡಬೇಕಿಲ್ಲ, ಇತ್ತ ನನ್ನ ರಾಜ್ಯವೂ ಸೇರಿದಂತೆ ಹಲವು ಕಡೆ ಇಂಗಾಲ ನಿಯಮಗಳು ಹಾವಳಿ ಎಬ್ಬಿಸಿವೆ ಎಂದು.

ನಾನು ಮಾಡಿದ ಅನಾಹುತ ಎರಡು. ಹೇಳಿದವರ ಹೆಸರನ್ನು ಶೀರ್ಷಿಕೆಯಿಂದ ಬಿಟ್ಟೆ, ಮಾತು ಪತ್ರಿಕೆಯದೇ ಆಯಿತು. ಎರಡನೆಯದು ಮೇಷ್ಟರ ಕಣ್ಣಿಗೂ ಬಿದ್ದಿರಲಿಲ್ಲ. ಜಾಗ ಸಾಲದೆ ವಾಕ್ಯದ ಬಾಲ ಕತ್ತರಿಸಿದ್ದೆ. ಆ ಬಾಲದಲ್ಲೇ ‘ನನ್ನ ರಾಜ್ಯ’ ಇತ್ತು. ಮೆಕಾನೆಲ್ ಅವರ ರಾಜ್ಯ ಕೆಂಟಕಿ, ಕಲ್ಲಿದ್ದಲ ನಾಡು. ಬಳ್ಳಾರಿಯ ಶಾಸಕರೊಬ್ಬರು ಗಣಿಯ ಪರ ಮಾತನಾಡಿದರೆ ನಮ್ಮ ಓದುಗರಿಗೆ ಯಾರೂ ಏನೂ ಬಿಡಿಸಿ ಹೇಳಬೇಕಿಲ್ಲ. ಕೆಂಟಕಿಯ ಸೆನೆಟರ್ ಮಾತಿಗೆ ಆ ಹಿನ್ನೆಲೆಯನ್ನು ನಾವೇ ಒದಗಿಸಬೇಕು. ಒದಗಿಸುವುದಿರಲಿ, ಇದ್ದದ್ದನ್ನೂ ನಾನು ಕಿತ್ತು ಹಾಕಿದ್ದೆ.

ಫೋನಿಟ್ಟ ಮೇಲೆ ಘೋಷಣೆಯ ಮೂಲ ಪಠ್ಯ ತೆಗೆದು ಓದಿದೆ. ಮುಂಚೆಯೇ ಓದಬೇಕಿತ್ತು, ಓದಿರಲಿಲ್ಲ. 2030ಕ್ಕೆ ತನ್ನ ಇಂಧನದಲ್ಲಿ ಶೇ 20ರಷ್ಟು ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳಿಂದ ಬರುವಂತೆ ಮಾಡುವುದಾಗಿ ಚೀನಾ ಹೇಳಿತ್ತು. ಅದಕ್ಕೆ 800ರಿಂದ 1,000 ಗಿಗಾವಾಟ್ ಹೊಸ ಸಾಮರ್ಥ್ಯ ಬೇಕು, ಹೆಚ್ಚುಕಡಿಮೆ ಅಂದಿನ ಅಮೆರಿಕದ ಒಟ್ಟು ವಿದ್ಯುತ್ ಸಾಮರ್ಥ್ಯದಷ್ಟು, ಎಂದು ಶ್ವೇತಭವನ ಲೆಕ್ಕ ಕೊಟ್ಟಿತ್ತು. ಕೈಕಟ್ಟಿ ಕುಳಿತವರಿಗೆ 16ನೇ ವರ್ಷ ಬೆಳಗಾಗುವಷ್ಟರಲ್ಲಿ ಅಷ್ಟು ಗಾಳಿಯಂತ್ರ, ಅಣುಸ್ಥಾವರಗಳು ಮೊಳೆಯುವುದಿಲ್ಲ. ಆದರೆ ಟೀಕೆ ಪೂರ್ತಿ ಜೊಳ್ಳೂ ಆಗಿರಲಿಲ್ಲ. ಆ ಗರಿಷ್ಠ ಎಷ್ಟು ಎತ್ತರದ್ದು ಎಂದು ಚೀನಾ ಹೇಳಿಯೇ ಇರಲಿಲ್ಲ. 2030ರವರೆಗೆ ಎಷ್ಟು ಬೇಕಾದರೂ ಏರಬಹುದಿತ್ತು.

ಮರುದಿನ ಒಂದು ಇನ್ನೂರು ಪುಟದ ಲಾಂಗ್ ಬುಕ್ ತಂದು ಮೂರು ಕಾಲಂ ಗೀಟು ಹಾಕಿದೆ: ಯಾರು, ಎಲ್ಲಿಂದ, ಆಗ. ‘ಆಗ’ ಎಂದರೆ, ಅವರದೇ ಪಕ್ಷದ ಅಧ್ಯಕ್ಷರಿದ್ದಾಗ ಇದೇ ವಿಷಯಕ್ಕೆ ಅವರು ಏನು ಹೇಳಿದ್ದರು ಎಂಬುದು. ಮೊದಲೆರಡು ಕಾಲಂ ಬೇಗ ತುಂಬುತ್ತಿದ್ದವು. ಮೂರನೆಯದಕ್ಕೆ ಹಳೆಯ ಕಡತ ಜಾಲಾಡಬೇಕಿತ್ತು, ಸ್ವಾರಸ್ಯವೆಲ್ಲ ಅಲ್ಲೇ ಇದ್ದದ್ದು.

ಹಾಗೆ ಜಾಲಾಡುವಾಗ 1997ರ ಜುಲೈ ಸಿಕ್ಕಿತು. ಜಪಾನಿನ ಕ್ಯೋಟೊದಲ್ಲಿ ಹವಾಮಾನ ಒಪ್ಪಂದದ ಮಾತುಕತೆ ನಡೆಯುವ ಐದು ತಿಂಗಳ ಮೊದಲೇ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಂದು ನಿರ್ಣಯ ಅಂಗೀಕರಿಸಿತ್ತು: ಅಭಿವೃದ್ಧಿಶೀಲ ದೇಶಗಳಿಗೂ ಅದೇ ಅವಧಿಯಲ್ಲಿ ಬದ್ಧತೆ ಹೇರದ ಹವಾಮಾನ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಬಾರದು. ಮಂಡಿಸಿದವರು ಇಬ್ಬರು, ಕಲ್ಲಿದ್ದಲ ರಾಜ್ಯವಾದ ವೆಸ್ಟ್ ವರ್ಜೀನಿಯಾದ ಡೆಮಾಕ್ರಟ್ ರಾಬರ್ಟ್ ಬರ್ಡ್, ನೆಬ್ರಾಸ್ಕದ ರಿಪಬ್ಲಿಕನ್ ಚಕ್ ಹೇಗಲ್. ಪರವಾಗಿ ಬಿದ್ದ ಮತ 95, ವಿರುದ್ಧ ಸೊನ್ನೆ. ಪರ ಹಾಕಿದವರಲ್ಲಿ ಆಗ ಸೆನೆಟರ್ ಆಗಿದ್ದ ಡೆಮಾಕ್ರಟ್ ಜಾನ್ ಕೆರಿಯೂ ಇದ್ದರು. ಕ್ಲಿಂಟನ್ ಸರ್ಕಾರ ಕ್ಯೋಟೊಗೆ ಸಹಿ ಹಾಕಿತೇ ಹೊರತು ಸೆನೆಟ್ ಮುಂದೆ ಒಯ್ಯುವ ಧೈರ್ಯ ಮಾಡಲಿಲ್ಲ. 2001ರಲ್ಲಿ ಬುಷ್ ಅದನ್ನು ತಿರಸ್ಕರಿಸಿದಾಗ, ಜಗತ್ತಿಗೆ ಬೆನ್ನು ತಿರುಗಿಸಿದ ಅಧ್ಯಕ್ಷ ಎಂದು ಡೆಮಾಕ್ರಟರು ಹರಿಹಾಯ್ದರು. ಆ ಬೆನ್ನು ತಿರುಗಿ ನಾಲ್ಕು ವರ್ಷವಾಗಿತ್ತು. ನನ್ನ ಮೂರನೇ ಕಾಲಂನ ಮೊದಲ ಒಳ್ಳೆಯ ನಮೂದು ಇದು. ಬರೆಯುವಾಗ ಸ್ವಲ್ಪ ಕಸಿವಿಸಿಯೂ ಆಯಿತು. ನನ್ನ ಒಲವು ಯಾವ ಕಡೆಗಿತ್ತು ಎಂಬುದು ಡೆಸ್ಕಿನಲ್ಲಿ ಗುಟ್ಟಿನ ವಿಷಯವೇನೂ ಆಗಿರಲಿಲ್ಲ.

ಒಲವಿನ ಪೆಟ್ಟು 2015ರ ಮಾರ್ಚ್‌ನಲ್ಲಿ ಬಿತ್ತು. ಇರಾನ್ ಜೊತೆ ಅಣು ಮಾತುಕತೆ ನಡೆಯುತ್ತಿರುವಾಗಲೇ 47 ರಿಪಬ್ಲಿಕನ್ ಸೆನೆಟರ್‌ಗಳು ಇರಾನ್ ನಾಯಕರಿಗೆ ಬಹಿರಂಗ ಪತ್ರ ಬರೆದರು. ಅಮೆರಿಕದ ಸಂಸತ್ತಿನ ಒಪ್ಪಿಗೆ ಇಲ್ಲದ ಒಪ್ಪಂದವನ್ನು ಮುಂದಿನ ಅಧ್ಯಕ್ಷರು ಒಂದೇ ಪೆನ್ನಿನ ಗೀಟಿನಲ್ಲಿ ಅಳಿಸಬಹುದು ಎಂಬುದು ಅದರ ತಿರುಳು. ನಾನು ಆ ಪತ್ರದ ಉದ್ಧಟತನದ ಬಗ್ಗೆ ನಾಲ್ಕು ಕಾಲಂ ಸುದ್ದಿ ಮಾಡಿ, ತಿರುಳನ್ನು ಕೊನೆಯ ಪ್ಯಾರಾಕ್ಕೆ ತಳ್ಳಿದೆ. ತಮ್ಮದೇ ದೇಶದ ಅಧ್ಯಕ್ಷರ ಕಾಲೆಳೆಯಲು ಎದುರಾಳಿಗೆ ಪತ್ರ ಬರೆಯುವುದು ನನಗೆ ಈಗಲೂ ಹೇಸಿಗೆ ಎನಿಸುತ್ತದೆ. ಆದರೆ ಕೊನೆಯ ಪ್ಯಾರಾ ಮೊದಲಿಗೆ ಬರಬೇಕಿತ್ತು. 2018ರ ಮೇ 8ರಂದು ಟ್ರಂಪ್ ಆ ಗೀಟನ್ನು ಎಳೆದರು. ಟೀಕೆ ಅಪ್ಪಟ ಪಕ್ಷದ ರಾಜಕಾರಣವಾಗಿಯೂ ಅಕ್ಷರಶಃ ನಿಜವಾಗಿಯೂ ಏಕಕಾಲಕ್ಕೆ ಇರಬಹುದು ಎಂಬುದು ನನ್ನ ತಲೆಗೆ ಹೋಗಲು ಇಷ್ಟು ಬೇಕಾಯಿತು.

ಪ್ಯಾರಿಸ್‌ನ ರಾತ್ರಿಯನ್ನು ಹೇಳದಿದ್ದರೆ ಈ ಬರಹ ಅಪೂರ್ಣ. 2015ರ ಡಿಸೆಂಬರ್ 12, ಶನಿವಾರ. ಜಿಲ್ಲಾ ಆವೃತ್ತಿಗಳು ಹೋಗಿಯಾಗಿತ್ತು. ನಗರ ಆವೃತ್ತಿಗೆ ಪುಟ ಬಿಡದೆ ಹಿಡಿದುಕೊಂಡು ಕುಳಿತಿದ್ದೆ. ಮುದ್ರಣ ವಿಭಾಗದಿಂದ ಮೂರು ಸಲ ಫೋನು ಬಂತು. ಪ್ಯಾರಿಸ್‌ನಲ್ಲಿ ಹೊಸ ಹವಾಮಾನ ಒಪ್ಪಂದವನ್ನು ಅಂಗೀಕರಿಸಬೇಕಿದ್ದ ವಿಶ್ವಸಂಸ್ಥೆಯ ಸಭೆ ಏಕೋ ತಡವಾಗುತ್ತಿತ್ತು. ಏಕೆ ಎಂದು ಆಮೇಲೆ ತಿಳಿಯಿತು. ಕರಡಿನಲ್ಲಿ, ಅಭಿವೃದ್ಧಿ ಹೊಂದಿದ ದೇಶಗಳು ಹೊರಸೂಸುವಿಕೆ ಕಡಿತದಲ್ಲಿ ಮುಂದಾಳಾಗುವ ಬಗೆಗಿನ 4ನೇ ವಿಧಿಯ ಒಂದು ವಾಕ್ಯದಲ್ಲಿ ‘ಶುಡ್’ ಇರಬೇಕಾದ ಕಡೆ ‘ಶಲ್’ ಎಂದಿತ್ತು. ‘ಶಲ್’ ಉಳಿದಿದ್ದರೆ ಕಡಿತದ ಗುರಿಯೇ ಕಾನೂನಿನ ಕಟ್ಟಳೆಯಾಗುತ್ತಿತ್ತು. ಕಟ್ಟಳೆಯಾದರೆ ಸೆನೆಟ್‌ಗೆ ಒಯ್ಯಬೇಕು, ಅಲ್ಲಿ ಮೂರನೇ ಎರಡರಷ್ಟು, ಅಂದರೆ ಎಲ್ಲರೂ ಹಾಜರಿದ್ದರೆ 67 ಮತ ಬೇಕು. ಒಬಾಮ ಬಳಿ ಅದರ ಹತ್ತಿರವೂ ಇರಲಿಲ್ಲ. ಪದ ಬದಲಾಯಿತು, ಅಚ್ಚಿನ ತಪ್ಪು ಎಂದು ತಿದ್ದಿದರು. ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿಗೆ ಕೆಲವೇ ನಿಮಿಷ ಇರುವಾಗ ಸಭೆಯ ಅಧ್ಯಕ್ಷರಾಗಿದ್ದ ಫ್ರಾನ್ಸ್‌ನ ವಿದೇಶಾಂಗ ಸಚಿವ ಲೊರಾನ್ ಫಾಬಿಯಸ್ ಹಸಿರು ಸುತ್ತಿಗೆ ಬಡಿದರು, ಒಪ್ಪಂದ ಅಂಗೀಕಾರವಾಯಿತು. ಅಮೆರಿಕದ ಪರ ಆ ಪದಕ್ಕಾಗಿ ಪಟ್ಟು ಹಿಡಿದಿದ್ದವರು ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ. ಹೌದು, 95 ಮತಗಳಲ್ಲಿ ಒಂದು ಹಾಕಿದ್ದವರೇ.

ನಾನು ಎರಡೂ ಪದಗಳಿಗೆ ‘ಬೇಕು’ ಎಂದೇ ಬರೆದು ಪುಟ ಬಿಟ್ಟಿದ್ದೆ. ‘ಮುಂಚೂಣಿಯಲ್ಲಿರಬೇಕು.’ ಎರಡು ಗಂಟೆ ಜಗತ್ತಿನ ಪ್ರತಿನಿಧಿಗಳನ್ನು ಕಾಯಿಸಿದ ವ್ಯತ್ಯಾಸ ನನ್ನ ಕನ್ನಡದಲ್ಲಿ ಮಾಯವಾಗಿತ್ತು. ತಪ್ಪು ಕನ್ನಡದ್ದಲ್ಲ. ನಮ್ಮ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿದ ಯಾವ ಪ್ರಕಟಣೆಯಲ್ಲೂ ಅದಕ್ಕೆ ಪದ ಇದೆ: ‘ಅರ್ಜಿದಾರರು ಹಾಜರಾಗತಕ್ಕದ್ದು.’ ‘ತಕ್ಕದ್ದು’ ಬಂದರೆ ತಪ್ಪಿಸಿಕೊಳ್ಳುವಂತಿಲ್ಲ, ‘ಬೇಕು’ ಎಂದರೆ ಹಿರಿಯರ ಬುದ್ಧಿಮಾತು. ನಾವು ಪತ್ರಿಕೆಯವರು ‘ತಕ್ಕದ್ದು’ ಸರ್ಕಾರಿ ವಾಸನೆ ಎಂದು ಓಡಿಸಿದ್ದೆವು. ಆ ವಾರ ನಾನು ಅದನ್ನು ಮರಳಿ ಕರೆತಂದೆ. ರಿಪಬ್ಲಿಕನ್ನರು ‘ಒಬಾಮ ಸೆನೆಟ್ ಅನ್ನು ಬೈಪಾಸ್ ಮಾಡಿದರು’ ಎಂದಾಗ, ಡೆಮಾಕ್ರಟರು ‘ಅದು ಒಡಂಬಡಿಕೆಯೇ ಅಲ್ಲ, ಬರೀ ಒಪ್ಪಂದ’ ಎಂದಾಗ, ಜಗಳ ಏನೆಂದು ಈ ಒಂದು ಪದದಿಂದ ವಿವರಿಸಬಹುದಿತ್ತು. ವಿವರಿಸಿ ಒಂದು ಬಾಕ್ಸ್ ಬರೆದೆ. ಸಾಗರದ ಮೇಷ್ಟ್ರು ಫೋನು ಮಾಡಲಿಲ್ಲ, ಅದನ್ನೇ ಮೆಚ್ಚುಗೆ ಎಂದುಕೊಂಡೆ.

2017ರ ಜೂನ್ 1ಕ್ಕೆ ಆಟದ ಬದಿ ಅದಲುಬದಲಾಯಿತು. ಟ್ರಂಪ್ ಶ್ವೇತಭವನದ ಗುಲಾಬಿ ತೋಟದಲ್ಲಿ ನಿಂತು, ತಾನು ಆಯ್ಕೆಯಾಗಿದ್ದು ಪಿಟ್ಸ್‌ಬರ್ಗ್‌ನ ಜನರ ಪರವಾಗಿ, ಪ್ಯಾರಿಸ್‌ನವರ ಪರವಾಗಿ ಅಲ್ಲ ಎಂದರು. ಈಗ ಬೈಯುವ ಸರದಿ ಡೆಮಾಕ್ರಟರದು, ಅನುವಾದಿಸುವ ನನ್ನ ಬೆರಳುಗಳಿಗೆ ರೆಕ್ಕೆ. ‘ಪ್ಯಾರಿಸ್ ಒಪ್ಪಂದಕ್ಕೆ ಅಮೆರಿಕ ತಿಲಾಂಜಲಿ’ ಎಂದು ಹೊಡೆದೂ ಆಗಿತ್ತು. ಲಾಂಗ್ ಬುಕ್ ನೆನಪಾಗಿ ಒಪ್ಪಂದದ 28ನೇ ವಿಧಿ ತೆಗೆದೆ. ಜಾರಿಗೆ ಬಂದು ಮೂರು ವರ್ಷ ಆಗುವವರೆಗೆ ಯಾರೂ ನೋಟಿಸ್ ಕೊಡುವಂತಿಲ್ಲ, ಕೊಟ್ಟ ಮೇಲೂ ಒಂದು ವರ್ಷ ಕಾಯಬೇಕು. ಎಳ್ಳುನೀರು ಬಿಡಲು 2020ರ ನವೆಂಬರ್ 4 ಆಗಬೇಕು. ‘ಹೊರನಡೆಯುವ ಘೋಷಣೆ’ ಎಂದು ತಿದ್ದಿದೆ. ಸಪ್ಪೆ ಶೀರ್ಷಿಕೆ ಎಂದು ಮುಖ್ಯ ಉಪಸಂಪಾದಕರು ಮೂಗು ಮುರಿದರು.

ಆ ಭಾಷಣದಲ್ಲಿ ಭಾರತದ ಹೆಸರೂ ಬಂದಿದ್ದರಿಂದ ಡೆಸ್ಕ್ ಕಾವೇರಿತ್ತು. ಸಾವಿರಾರು ಕೋಟಿ ಡಾಲರ್ ವಿದೇಶಿ ನೆರವು ಸಿಕ್ಕರೆ ಮಾತ್ರ ಭಾರತ ಪಾಲ್ಗೊಳ್ಳುತ್ತದೆ, ಕಲ್ಲಿದ್ದಲು ಉತ್ಪಾದನೆ 2020ಕ್ಕೆ ಇಮ್ಮಡಿ ಮಾಡಲು ಅದಕ್ಕೆ ಅವಕಾಶವಿದೆ ಎಂದಿದ್ದರು. ‘ಸುಳ್ಳು ಎಂದು ಹಾಕಿ ಸಾರ್’ ಎಂದು ಪಕ್ಕದ ಹುಡುಗ. ಮೊದಲಿಗೆ ನನಗೂ ಹಾಗೇ ಅನಿಸಿತು. ಪ್ಯಾರಿಸ್ ಒಪ್ಪಂದ ಯಾವ ದೇಶಕ್ಕೂ ಕಲ್ಲಿದ್ದಲು ತೆಗೆ ಎಂದೂ ಹೇಳಿಲ್ಲ, ತೆಗೆಯಬೇಡ ಎಂದೂ ಹೇಳಿಲ್ಲ. ಆ ಇಮ್ಮಡಿ ಗುರಿ ನಮ್ಮ ಸರ್ಕಾರವೇ ಹಾಕಿಕೊಂಡಿದ್ದು. ನೆರವಿನ ಮಾತಿಗೆ ಬಂದಾಗ ಮಾತ್ರ ತಡವರಿಸಿದೆ. 2030ರೊಳಗೆ ವಿದ್ಯುತ್ ಸಾಮರ್ಥ್ಯದ ಶೇ 40ರಷ್ಟನ್ನು ಕಲ್ಲಿದ್ದಲು, ತೈಲಗಳ ಹೊರತಾದ ಮೂಲಗಳಿಂದ ಪಡೆಯುವ ಭಾರತದ ವಾಗ್ದಾನದಲ್ಲಿ, ತಂತ್ರಜ್ಞಾನ ಮತ್ತು ಅಗ್ಗದ ಅಂತರರಾಷ್ಟ್ರೀಯ ಹಣಕಾಸಿನ ನೆರವಿನೊಂದಿಗೆ ಎಂಬ ಮಾತು ಸ್ಪಷ್ಟವಾಗಿ ಇದೆ. ಒಂದು ಗುರಿಗೆ ಅಂಟಿದ್ದ ಮಾತನ್ನು ಟ್ರಂಪ್ ಇಡೀ ದೇಶದ ಹಣೆಗೆ ಅಂಟಿಸಿದ್ದರು. ಹಾಗೆಯೇ ಬರೆದೆ. ಅಮೆರಿಕದ ಅಧ್ಯಕ್ಷರ ವಕಾಲತ್ತು ವಹಿಸಿದ್ದೇನೆ ಎಂದು ಒಂದು ಪತ್ರ ಬಂತು. ಯಾರ ಒತ್ತಡಕ್ಕೂ, ಹಣದ ಆಸೆಗೂ ಭಾರತ ಸಹಿ ಹಾಕಿಲ್ಲ ಎಂದು ಸುಷ್ಮಾ ಸ್ವರಾಜ್ ನಾಲ್ಕು ದಿನದ ನಂತರ ಉತ್ತರ ಕೊಟ್ಟಾಗ ಅದನ್ನು ಮೂರು ಕಾಲಂ ಹಾಕಿದೆ. ಅದಕ್ಕೆ ಪತ್ರ ಬರಲಿಲ್ಲ.

ಅಂದ ಹಾಗೆ, ಪಿಟ್ಸ್‌ಬರ್ಗ್ ನಗರ 2016ರಲ್ಲಿ ಮತ ಹಾಕಿದ್ದು ಹಿಲರಿ ಕ್ಲಿಂಟನ್‌ಗೆ. ಅದರ ಮೇಯರ್ ಅದೇ ದಿನ, ನಾವು ಪ್ಯಾರಿಸ್ ದಾರಿಯಲ್ಲೇ ನಡೆಯುತ್ತೇವೆ ಎಂದರು. ಆ ಊರಿನ ಗ್ರಹಚಾರ ಅಲ್ಲಿಗೂ ತೀರಲಿಲ್ಲ. 2021ರ ಜನವರಿ 20ರಂದು ಬೈಡನ್ ಮರಳಿ ಸೇರುವ ಪತ್ರಕ್ಕೆ ಸಹಿ ಹಾಕಿದಾಗ, ಪಿಟ್ಸ್‌ಬರ್ಗ್‌ನವರ ಉದ್ಯೋಗಕ್ಕಿಂತ ಪ್ಯಾರಿಸ್‌ನವರ ಅಭಿಪ್ರಾಯವೇ ಇವರಿಗೆ ಮುಖ್ಯ ಎಂದು ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಟೀಕಿಸಿದರು. ಪ್ಯಾರಿಸ್ ಎಂಬುದು ಒಪ್ಪಂದ ಅಂಗೀಕಾರವಾದ ಊರಿನ ಹೆಸರು ಅಷ್ಟೇ. ಆ ಊರಿನವರ ಅಭಿಪ್ರಾಯ ಯಾರೂ ಕೇಳಿರಲಿಲ್ಲ. ಅಷ್ಟನ್ನು ಆವರಣದಲ್ಲಿ ಸೇರಿಸಿ ಬಿಟ್ಟೆ.

2025ರ ಜನವರಿಯಲ್ಲಿ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ಎರಡನೇ ಸಲ ಹೊರಬರುವ ಆದೇಶಕ್ಕೆ ಸಹಿ ಹಾಕಿದರು. ನಮಗೆ ಆಗ ಬೆಳಗಿನ ಜಾವ. ಸಂಜೆ ಪುಟ ಮಾಡಲು ಕುಳಿತಿದ್ದವಳು ಹೊಸದಾಗಿ ಸೇರಿದ ಹುಡುಗಿ. 2017ರ ನನ್ನ ಪುಟವನ್ನು ಕಡತದಿಂದ ತೆಗೆದು ಪರದೆಯ ಪಕ್ಕ ಇಟ್ಟುಕೊಂಡಿದ್ದಳು. ‘ಸಾರ್, ನಿಮ್ಮ ಹಳೆಯ ಶೀರ್ಷಿಕೆಯೇ ಸರಿಯಾಗಿದೆ. ಮುಂದೆ ‘ಮತ್ತೆ’ ಎಂದು ಸೇರಿಸಿದರೆ ಸಾಕು’ ಎಂದಳು. ಡಬಲ್ ಕಾಲಂ ಅಳತೆಗೆ ಆ ಎರಡಕ್ಷರ ಹಿಡಿಯಲಿಲ್ಲ. ‘ಪ್ಯಾರಿಸ್’ ಇಟ್ಟು ‘ಅಮೆರಿಕ’ ತೆಗೆಯೋಣವೇ, ‘ಅಮೆರಿಕ’ ಇಟ್ಟು ‘ಘೋಷಣೆ’ ತೆಗೆಯೋಣವೇ ಎಂದು ಇಬ್ಬರೂ ಕಾಲು ಗಂಟೆ ತಿಣುಕಾಡಿದೆವು. ‘ಘೋಷಣೆ’ ತೆಗೆಯಲು ನಾನು ಬಿಡಲಿಲ್ಲ. ಕೊನೆಗೆ ಚಿತ್ರವನ್ನು ಒಂದು ಕಾಲಂ ಕುಗ್ಗಿಸಿದಳು.