50 ಸಾವಿರದ ಗೇಮಿಂಗ್ ಪಿಸಿ: ಎಲ್ಲಿ ಸುರಿಯಬೇಕು, ಎಲ್ಲಿ ಬಿಗಿ ಹಿಡಿಯಬೇಕು

ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಗೇಮ್ ಶುರುವಾಗಿ ಐದು ನಿಮಿಷಕ್ಕೆ ಸಿಸ್ಟಮ್ ಆಫ್ ಆಗ್ತದೆ. ಅಂಗಡಿಯವರು ವಿಂಡೋಸ್ ಪ್ರಾಬ್ಲಂ ಅಂತಾರೆ. ಎರಡು ಸಲ ಹಾಕಿಸಿದ್ದೂ ಆಯ್ತು." ಏನೇನು ಹಾಕಿಸಿದ್ದೀಯ ಹೇಳು ಅಂದೆ. ಪ್ರೊಸೆಸರ್ ಚೆನ್ನಾಗಿತ್ತು, ಗ್ರಾಫಿಕ್ಸ್ ಕಾರ್ಡೂ ಚೆನ್ನಾಗಿತ್ತು. "ಎಸ್‌ಎಂಪಿಎಸ್ ಯಾವುದಪ್ಪಾ?" ಎಂದರೆ, "ಅದು ಕ್ಯಾಬಿನೆಟ್ ಜೊತೆ ಫ್ರೀ ಬಂತು ಮಾಮಾ" ಎಂದ. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆಲ್ಲ ಹಂಚುವ ಪೆಟ್ಟಿಗೆ. ರೋಗ ಅಲ್ಲೇ ಗೊತ್ತಾಯಿತು.

ಇಂಥ ಫೋನು ನನಗೆ ವರ್ಷಕ್ಕೆ ನಾಲ್ಕೈದಾದರೂ ಬರುತ್ತವೆ. ತಪ್ಪು ಹೆಚ್ಚುಕಮ್ಮಿ ಅದೇ: ಕಣ್ಣಿಗೆ ಕಾಣುವುದಕ್ಕೆ ದುಡ್ಡು ಸುರಿದು, ಕಾಣದ್ದಕ್ಕೆ ಚೌಕಾಸಿ ಮಾಡಿರುತ್ತಾರೆ. ಆದ್ದರಿಂದ ಈ ಲೇಖನ. ಲೆಕ್ಕ 50 ಸಾವಿರ ರೂಪಾಯಿಗೆ. ಮಾನಿಟರ್, ಕೀಬೋರ್ಡ್, ಮೌಸ್ ಇದರಲ್ಲಿ ಸೇರಿಲ್ಲ.

ದರ ವಾರವಾರವೂ ಬದಲಾಗುವುದರಿಂದ ಒಂದೊಂದರ ಬೆಲೆ ಬರೆಯದೆ ಪಾಲು ಹೇಳುತ್ತೇನೆ. ನೂರಕ್ಕೆ 40 ಗ್ರಾಫಿಕ್ಸ್ ಕಾರ್ಡಿಗೆ. 28 ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ. 20 ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ (ವಿಂಡೋಸ್, ಗೇಮುಗಳು ಕೂರುವ ಡ್ರೈವ್). 7 ಎಸ್‌ಎಂಪಿಎಸ್‌ಗೆ. ಉಳಿದ 5ರಲ್ಲಿ ಕ್ಯಾಬಿನೆಟ್. ಬಣ್ಣದ ಲೈಟುಗಳಿಗೆ ಎಷ್ಟು ಎಂದು ಕೇಳಬೇಡಿ. ಲೈಟು ಬೇಕಿದ್ದರೆ ಗಣೇಶನ ಹಬ್ಬಕ್ಕೆ ತಂದ ಸೀರಿಯಲ್ ಸೆಟ್ ಮನೆಯಲ್ಲೇ ಇರುತ್ತದೆ.

ಮೊದಲ ಹೆಜ್ಜೆ: ಆಡುವುದೇನು, ನೋಡುವುದು ಯಾವುದರಲ್ಲಿ?

ವ್ಯಾಲೊರೆಂಟ್, ಸಿಎಸ್ 2 (ಕೌಂಟರ್-ಸ್ಟ್ರೈಕ್ 2) ಥರದ ಗೇಮುಗಳು ಪ್ರೊಸೆಸರ್ ಮೇಲೆ ಭಾರ ಹಾಕುತ್ತವೆ. ಸೈಬರ್‌ಪಂಕ್ ಥರದ ದೊಡ್ಡ ಕಥೆಯ ಗೇಮುಗಳು ಕಾರ್ಡನ್ನು ಹಿಂಡುತ್ತವೆ. ಇನ್ನು ಮಾನಿಟರ್ 60 ಹರ್ಟ್ಸ್‌ನದ್ದಾದರೆ ಅದು ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸಲಾರದು. ಅದಕ್ಕೆ 200 ಫ್ರೇಮ್ ಕೊಡುವ ಕಾರ್ಡು ತಂದರೆ ಹೆಚ್ಚಿನದ್ದೇನೂ ಕಣ್ಣಿಗೆ ಬೀಳುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿರುವುದು 1080ರ, ಅಂದರೆ ಫುಲ್ ಎಚ್‌ಡಿ ಪರದೆ. ಮುಂದಿನದೆಲ್ಲ ಅದನ್ನೇ ಹಿಡಿದು ಹೇಳಿದ್ದು.

ಎರಡನೇ ಹೆಜ್ಜೆ: ಗ್ರಾಫಿಕ್ಸ್ ಕಾರ್ಡ್

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು "4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ ಸಾರ್." ಎಷ್ಟು ಜಿಬಿ ಎಂಬುದಲ್ಲ, ಯಾವ ಚಿಪ್ಪು ಎಂಬುದು ಪ್ರಶ್ನೆ. ಜಿಟಿ 730 ಎಂಬ ಕಾರ್ಡು 2014ರದ್ದು; 4 ಜಿಬಿ ಮೆಮೊರಿಯೊಂದಿಗೆ ಈಗಲೂ ಸಿಗುತ್ತದೆ. ಗೋಡೌನ್ ದೊಡ್ಡದು, ಬಾಗಿಲು ಕಿರಿದು, ಒಳಗಿರುವ ಹಮಾಲಿ ಒಬ್ಬನೇ. ಎಷ್ಟು ಮೂಟೆ ಹಿಡಿಸಿದರೇನು, ಹೊರಗೆ ಬರಬೇಕಲ್ಲ? ಅದು ಆಫೀಸಿನ ಕಂಪ್ಯೂಟರಿಗೆ ಎರಡನೇ ಮಾನಿಟರ್ ಸಿಕ್ಕಿಸಲು ಸರಿ, ಗೇಮಿಗಲ್ಲ.

ಈ ಬಜೆಟ್ಟಿಗೆ ನನ್ನ ಆಯ್ಕೆ ಎಎಂಡಿಯ ಆರ್‌ಎಕ್ಸ್ 6600. 2021ರ ಕಾರ್ಡು, 8 ಜಿಬಿ ಮೆಮೊರಿ, 132 ವ್ಯಾಟ್ ಸಾಕು. 1080ರಲ್ಲಿ ಬೇಕಾದ್ದೆಲ್ಲ ಆಡಿಸುತ್ತದೆ. ಅದು ಸಿಗದಿದ್ದರೆ ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ನೋಡಬಹುದು, ಆದರೆ ಎಚ್ಚರ: ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳಿವೆ. 8 ಜಿಬಿಯದ್ದೂ 6 ಜಿಬಿಯದ್ದೂ ಬೇರೆ ಮೆಮೊರಿಯ ಒಂದೇ ಕಾರ್ಡಲ್ಲ. 6 ಜಿಬಿಯದ್ದರಲ್ಲಿ ಚಿಪ್ಪಿನ ಬಲವೇ ಕಡಿಮೆ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗವಾಗಿ ಕಂಡರೂ ಮುಟ್ಟಬೇಡಿ. ಅದು ಮದರ್‌ಬೋರ್ಡಿನೊಂದಿಗೆ ಮಾತಾಡುವುದು ನಾಲ್ಕೇ ಲೇನಿನಲ್ಲಿ. ಬಿ450, ಎ520ರಂಥ ಬೋರ್ಡುಗಳಲ್ಲಿ ಕೂರಿಸಿದರೆ ಆ ದಾರಿಯ ವೇಗ ಇನ್ನೂ ಅರ್ಧವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ ದುಡ್ಡು ಕೊಡಬೇಡಿ. ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಲು ಕೇಳಿ. ಜಿಪಿಯು-ಝಡ್ ಎಂಬ ಪುಟ್ಟ ಉಚಿತ ತಂತ್ರಾಂಶವಿದೆ. ಹಳೇ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವ ನಕಲಿ ಕಾರ್ಡುಗಳಲ್ಲಿ ಬಹಳಷ್ಟನ್ನು ಅದು ಹಿಡಿದು, ಹೆಸರಿನ ಮುಂದೆ 'ಫೇಕ್' ಎಂದೇ ತೋರಿಸುತ್ತದೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡೇ ಹೋಗಿ.

ಮೂರನೇ ಹೆಜ್ಜೆ: ಪ್ರೊಸೆಸರ್, ಬೋರ್ಡ್

"ಐ7 ಇದೆ ಸಾರ್" ಎಂದರೆ ಕೇಳಬೇಕಾದ ಮರುಪ್ರಶ್ನೆ "ಎಷ್ಟನೇ ಜನರೇಷನ್?" ಐ7-2600 ಬಂದಿದ್ದು 2011ರಲ್ಲಿ, ಐ7-3770 ಅದರ ಮರುವರ್ಷ. ಇವತ್ತು ಅವೆರಡನ್ನೂ ಐ3-12100ಎಫ್ ಆರಾಮಾಗಿ ಹಿಂದೆ ಹಾಕುತ್ತದೆ. ಇನ್ನೊಂದು ಪೀಕಲಾಟ: ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಜನರೇಷನ್ನಾದರೂ ಬೇಕು ಎಂಬುದು ಮೈಕ್ರೋಸಾಫ್ಟ್‌ನ ನಿಯಮ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಡ್ಡದಾರಿಯಲ್ಲಿ 11 ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಆದರೆ ವಿಂಡೋಸ್ 11ರಲ್ಲಿ ವ್ಯಾಲೊರೆಂಟ್ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳಿಲ್ಲದೆ ತೆರೆಯುವುದೇ ಇಲ್ಲ.

ಹೊಸದಾಗಿ ಕೊಳ್ಳುವುದಾದರೆ ರೈಜನ್ 5 5600 ಅಥವಾ ಐ5-12400ಎಫ್. ಎರಡೂ ಆರು ಕೋರಿನವು. ನಾನು ಹೇಳುವುದು ರೈಜನ್, ಬೋರ್ಡು ಅಗ್ಗವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ. ಡಬ್ಬದಲ್ಲೇ ಫ್ಯಾನು ಬರುತ್ತದೆ, ಅದೇ ಸಾಕು. ಲಿಕ್ವಿಡ್ ಕೂಲರ್ ಮಾತೆತ್ತಿದವರಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯಿರಿ. ಹಳೇ ಸ್ಟಾಕಿನ ಬಿ450 ಬೋರ್ಡು ಕೊಟ್ಟರೆ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಿದೆಯೇ ಕೇಳಿ, ಅಲ್ಲೇ ಆನ್ ಮಾಡಿಸಿ ನೋಡಿ. ಹಳೇ ಬಯೋಸ್ ಇದ್ದರೆ 5600 ಕೂರಿಸಿದರೂ ಪರದೆ ಕಪ್ಪಗೇ ಉಳಿಯುತ್ತದೆ.

ಕಾರ್ಡು ಕೊಳ್ಳುವಷ್ಟು ದುಡ್ಡು ಈಗಲೇ ಇಲ್ಲವೇ? 5600ರ ಬದಲು 5600ಜಿ ತಗೊಳ್ಳಿ. ಅದರೊಳಗೇ ಗ್ರಾಫಿಕ್ಸ್ ಇದೆ, ಸಣ್ಣ ಗೇಮುಗಳು ಓಡುತ್ತವೆ. ಕೊನೆಯ ಆ ಒಂದಕ್ಷರ ನೋಡದೆ 5600 ತಂದು, ಕಾರ್ಡಿಲ್ಲದೆ "ಡಿಸ್‌ಪ್ಲೇನೇ ಬರ್ತಿಲ್ಲ" ಎಂದವರನ್ನು ನೋಡಿದ್ದೇನೆ. ಇಂಟೆಲ್‌ನಲ್ಲಿ 'ಎಫ್' ಎಂದಿದ್ದರೂ ಇದೇ ಕಥೆ.

ಇನ್ನೂ ಕಡಿಮೆಯಲ್ಲಿ ಮುಗಿಸುವ ದಾರಿಯೊಂದಿದೆ. ಆಫೀಸುಗಳಿಂದ ಬಂದ ಎಂಟನೇ ಜನರೇಷನ್ ಐ5-8500 ಡೆಸ್ಕ್‌ಟಾಪ್ ಕೊಂಡು, ಅದಕ್ಕೆ ಆ 6 ಜಿಬಿಯ 3050 ಹಾಕುವುದು. ಅದು ಕುಡಿಯುವುದು 70 ವ್ಯಾಟ್. ಸ್ಲಾಟಿನಿಂದಲೇ 75 ವ್ಯಾಟ್ ಸಿಗುವುದರಿಂದ ಹೆಚ್ಚಿನ ಮಾದರಿಗಳಿಗೆ ಬೇರೆ ಕರೆಂಟ್ ವೈರೇ ಬೇಡ. ಕ್ಯಾಬಿನೆಟ್ ತೆಳ್ಳಗಿದ್ದರೆ ಲೋ ಪ್ರೊಫೈಲ್ ಕಾರ್ಡೇ ಕೇಳಬೇಕು, ಇಲ್ಲದಿದ್ದರೆ ಮುಚ್ಚಳ ಹಾಕಲಾಗದು.

ನಾಲ್ಕನೇ ಹೆಜ್ಜೆ: ಎಸ್‌ಎಂಪಿಎಸ್. ಇಲ್ಲಿ ನಿಧಾನವಾಗಿ ಓದಿ

ಅಕ್ಕನ ಮಗನಿಗೆ "ಪಕ್ಕದ ಮುಚ್ಚಳ ಬಿಚ್ಚಿ ಎಸ್‌ಎಂಪಿಎಸ್ ಮೇಲಿನ ಚೀಟಿಯ ಫೋಟೋ ಕಳಿಸು" ಅಂದೆ. ವಾಟ್ಸ್‌ಆ್ಯಪಿನಲ್ಲಿ ಬಂತು. ಮೇಲ್ಗಡೆ ದಪ್ಪಕ್ಷರದಲ್ಲಿ 500 ವ್ಯಾಟ್, ಪಕ್ಕದಲ್ಲಿ ಮಿಂಚಿನ ಚಿತ್ರ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಪಟ್ಟಿ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್. ಪ್ರತಿಯೊಂದರ ಕೆಳಗೂ ಎಷ್ಟು ಆಂಪ್ ಎಂದು.

ನೋಡಬೇಕಾದ್ದು 12 ವೋಲ್ಟಿನ ಮನೆಯೊಂದೇ. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಅಲ್ಲಿಂದಲೇ. ಅವನ ಚೀಟಿಯಲ್ಲಿ ಅಲ್ಲಿದ್ದದ್ದು 15 ಆಂಪ್. 12ನ್ನು 15ರಿಂದ ಗುಣಿಸಿ: 180 ವ್ಯಾಟ್. ಡಬ್ಬದ ಮೇಲಿನ 500ಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಈಗ ಖರ್ಚಿನ ಬದಿ. ನಾನು ಮೇಲೆ ಹೇಳಿದ ಪಿಸಿಯನ್ನೇ ಲೆಕ್ಕಕ್ಕೆ ಹಿಡಿಯೋಣ. ಆರ್‌ಎಕ್ಸ್ 6600ಕ್ಕೆ 132. ರೈಜನ್ 5600ರ ಡಬ್ಬದ ಮೇಲೆ 65 ಎಂದಿದ್ದರೂ ದುಡಿಯುವಾಗ 76ರವರೆಗೆ ಎಳೆಯುತ್ತದೆ. ಬೋರ್ಡು, ರ‍್ಯಾಮ್, ಫ್ಯಾನು, ಎಸ್‌ಎಸ್‌ಡಿ ಎಲ್ಲ ಸೇರಿ 40 ಇಟ್ಟುಕೊಳ್ಳಿ. ಒಟ್ಟು 250ರ ಹತ್ತಿರ. ಅದರ ಮೇಲೆ ಕಾರ್ಡು ಆಗಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ತನ್ನ ಮಿತಿ ದಾಟಿ ಎಳೆಯುತ್ತದೆ. 180ರ ಬಾವಿಯಿಂದ 250 ಕೊಡ ಸೇದಲು ಹೋದರೆ ಹಗ್ಗ ಕಡಿಯುವುದು ಬಿಟ್ಟು ಇನ್ನೇನಾದೀತು? ಮೆನು ತೆರೆದಾಗ ಏನೂ ಆಗುವುದಿಲ್ಲ. ಗುಂಡು ಹಾರಲು ಶುರುವಾಯಿತೋ, ಟಪ್. ಬೈಗುಳ ಮಾತ್ರ ವಿಂಡೋಸಿಗೆ.

ಒಳ್ಳೆಯ ಕಂಪನಿಯ 450 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ ಅದೇ ಮನೆಯಲ್ಲಿ 36 ಆಂಪ್‌ನ ಆಸುಪಾಸು ಇರುತ್ತದೆ, ಅಂದರೆ 430 ವ್ಯಾಟ್. ಹಾಗಾಗಿ ಅಂಗಡಿಯಲ್ಲಿ "ಎಷ್ಟು ವ್ಯಾಟ್?" ಎನ್ನದೆ "12 ವೋಲ್ಟಲ್ಲಿ ಎಷ್ಟು ಆಂಪ್?" ಎಂದು ಕೇಳಿ. ಅಂಗಡಿಯವರು ನಿಮ್ಮನ್ನು ಬೇರೆಯೇ ದೃಷ್ಟಿಯಿಂದ ನೋಡುತ್ತಾರೆ.

ಚೀಟಿ ಓದಲಾಗದಿದ್ದರೆ ಇನ್ನೆರಡು ಗುರುತುಗಳಿವೆ. ಹಿಂಬದಿಯಲ್ಲಿ 115/230 ಎಂದು ಬರೆದ ಪುಟ್ಟ ಕೆಂಪು ಸ್ವಿಚ್ಚಿದ್ದರೆ ಅದು ಹಳೇ ವಿನ್ಯಾಸ, ವಾಪಸಿಡಿ. ಎರಡನೆಯದು ತೂಕ: ಕೈಯಲ್ಲಿ ಎತ್ತಿ ನೋಡಿ, ಖಾಲಿ ಟಿಫಿನ್ ಡಬ್ಬದಷ್ಟು ಹಗುರವಿದ್ದರೆ ಒಳಗೂ ಅಷ್ಟೇ ಇರುವುದು. '80 ಪ್ಲಸ್ ಬ್ರಾಂಜ್' ಇರಲಿ. ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದರ ಅಳತೆಯೇ ಹೊರತು ಬಾಳಿಕೆಯ ಸರ್ಟಿಫಿಕೇಟಲ್ಲ. ಆದರೂ ಅದನ್ನು ಪಡೆಯುವ ಗೋಜಿಗೆ ಹೋದ ಕಂಪನಿ ಒಳಗೆ ಏನೋ ಒಂದಿಷ್ಟು ತುಂಬಿರುತ್ತದೆ. ಗೋಲ್ಡ್ ಈ ಬಜೆಟ್ಟಿಗೆ ಬೇಡ. ಗ್ಯಾರಂಟಿ ಕನಿಷ್ಠ ಐದು ವರ್ಷ ಇರುವುದನ್ನೇ ನಾನು ಕೊಡಿಸುತ್ತೇನೆ.

"ಕಾರ್ಡಿಗೆ ಬೇಕಾದ ಪಿನ್ ಇಲ್ಲ, ಕನ್ವರ್ಟರ್ ಕೇಬಲ್ ಕೊಡ್ತೀನಿ" ಎಂದರೆ ಎದ್ದು ಬನ್ನಿ. ಹಾರ್ಡ್‌ಡಿಸ್ಕಿಗೆಂದು ಇರುವ ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ತಾಳುವುದು 54 ವ್ಯಾಟ್. ಕಾರ್ಡಿನ ಆರು ಪಿನ್ನಿನ ತೂತು ಕೇಳಬಹುದಾದದ್ದು 75. ಎಂಟು ಪಿನ್ನಿನದ್ದು 150. ಕರಗಿ ಕಂದು ಬಣ್ಣಕ್ಕೆ ತಿರುಗಿದ ಅಂಥ ಕೇಬಲ್ಲೊಂದು ನನ್ನ ಡ್ರಾಯರಿನಲ್ಲಿದೆ. ವಾದಕ್ಕೆ ಬಂದವರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.

ಮನೆಯ ಪ್ಲಗ್ಗೂ ಇದೇ ಹೆಜ್ಜೆಗೆ ಸೇರಿದ್ದು. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಎಂದರೆ ಅರ್ಥಿಂಗ್ ಇಲ್ಲ ಎಂದರ್ಥ; ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಗೇಮು. ಯುಪಿಎಸ್ ಬೇಕೆನ್ನುವವರು ಗಮನಿಸಿ: 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ನಮ್ಮ ಪಿಸಿ, ಮಾನಿಟರ್ ಎರಡಕ್ಕೂ ಸಾಕು, ಗೇಮ್ ಸೇವ್ ಮಾಡಿ ಎದ್ದೇಳುವಷ್ಟು ಹೊತ್ತು. ಅದಕ್ಕೇ ವೈಫೈ, ಟಿವಿ, ಫೋನ್ ಚಾರ್ಜರ್ ಎಲ್ಲ ಸಿಕ್ಕಿಸಬೇಡಿ.

ಐದನೇ ಹೆಜ್ಜೆ: ಉಳಿದದ್ದು

ರ‍್ಯಾಮ್ 16 ಜಿಬಿ. 16ರ ಒಂದು ಕಡ್ಡಿ ಬೇಡ, 8ರ ಎರಡು ತಗೊಳ್ಳಿ. ನಾಲ್ಕು ಸ್ಲಾಟಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದರಲ್ಲಿ ಹಾಕಿ. 5600ಜಿ ತಗೊಂಡವರಿಗೆ ಎರಡು ಕಡ್ಡಿ ಕಡ್ಡಾಯ. ಎಐ ಡೇಟಾ ಸೆಂಟರುಗಳು ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಬಂಗಾರದ ದಾರಿ ಹಿಡಿಯಿತು. ನಾನು ಹೇಳಿದ ಪಾಲು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಡಿಡಿಆರ್ 4 ಹುಡುಕಿ. ಬಳಸಿದ ಭಾಗಗಳಲ್ಲಿ ಭಯವಿಲ್ಲದೆ ಕೊಳ್ಳಬಹುದಾದದ್ದು ರ‍್ಯಾಮ್ ಒಂದೇ.

ಎಸ್‌ಎಸ್‌ಡಿ ಎನ್‌ವಿಎಂಇ (ಬೋರ್ಡಿಗೇ ಸಿಕ್ಕಿಸುವ ವೇಗದ ಬಗೆ) ಇರಲಿ, 500 ಜಿಬಿ ಸಾಕು. ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದ್ದಾಗಿರದೆ ಜಾಲರಿಯದ್ದಾಗಿರಲಿ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗುವವರು ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆಯಿರಿ. ಗಾಡಿ ತಂದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಮಧ್ಯಾಹ್ನವಾಗುತ್ತದೆ. ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ. ಮೂರು ಕಡೆ ಕೊಟೇಷನ್ ಬರೆಸಿ, ಆನ್‌ಲೈನ್ ದರವನ್ನೂ ಫೋನಿನಲ್ಲಿ ತೆರೆದಿಟ್ಟುಕೊಳ್ಳಿ. ಕೊಟೇಷನ್ನಿನಲ್ಲಿ "500 ವ್ಯಾಟ್ ಎಸ್‌ಎಂಪಿಎಸ್", "16 ಜಿಬಿ ರ‍್ಯಾಮ್" ಎಂದಷ್ಟೇ ಇದ್ದರೆ ಕಂಪನಿ, ಮಾದರಿ ಎರಡನ್ನೂ ಬರೆಸಿ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸಾರ್" ಎನ್ನುತ್ತಾರೆ. ಆ 18 ಪರ್ಸೆಂಟ್ ಉಳಿಸಿದವರು ಕಾರ್ಡು ಕೆಟ್ಟ ದಿನ ಗ್ಯಾರಂಟಿಯನ್ನೂ ಕಳೆದುಕೊಂಡಿರುತ್ತಾರೆ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇರಬೇಕು, ಡಬ್ಬದ ಮೇಲಿನದ್ದಕ್ಕೆ ತಾಳೆಯಾಗಬೇಕು.

ಮನೆಗೆ ತಂದ ಸಂಜೆ ಮೂರು ಕೆಲಸ. ಮಾನಿಟರ್ ಕೇಬಲ್ ಮೇಲಿರುವ ಮದರ್‌ಬೋರ್ಡಿನ ತೂತಿಗಲ್ಲ, ಕೆಳಗೆ ಅಡ್ಡವಾಗಿರುವ ಕಾರ್ಡಿನ ತೂತಿಗೆ ಹೋಗಬೇಕು. ನಗಬೇಡಿ, ಕಾರ್ಡನ್ನು ಆರು ತಿಂಗಳು ಸುಮ್ಮನೆ ಕೂರಿಸಿಟ್ಟವರ ಮನೆಗೆ ಹೋಗಿ ಬಂದಿದ್ದೇನೆ. ಬಯೋಸಿನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬುದನ್ನು ಆನ್ ಮಾಡಿ. ಇಲ್ಲದಿದ್ದರೆ 3200ರ ರ‍್ಯಾಮ್ 2400ಕ್ಕೋ 2666ಕ್ಕೋ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗ ಕಾಣುತ್ತದೆ. ಮಾನಿಟರ್ 144 ಹರ್ಟ್ಸ್‌ನದ್ದಾದರೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 144 ಎಂದು ನೀವೇ ಆರಿಸಬೇಕು, ಎಷ್ಟೋ ಸಲ ಅದು 60ರಲ್ಲೇ ಕೂತಿರುತ್ತದೆ.

ಅಕ್ಕನ ಮಗ ಹೊಸ ಎಸ್‌ಎಂಪಿಎಸ್ ಹಾಕಿಸಿದ. ಆ ಭಾನುವಾರ ಬೆಳಗ್ಗೆ ಆಡಲು ಕೂತವನು ರಾತ್ರಿ ಊಟಕ್ಕೂ ಏಳಲಿಲ್ಲವಂತೆ. ಈಗ ಫೋನ್ ಮಾಡಿ ಬೈಯುತ್ತಿರುವುದು ಅಕ್ಕ.